ಮೂರು ಹೆಸರಿಗೆ ನಾಲ್ಕು ಸಾಲು

ಇಪ್ಪತ್ತೈದು ವರ್ಷಗಳ ಹಿಂದೆ ಬೆಂಗಳೂರಿನ ಕಚೇರಿಗಳಲ್ಲಿ ಜಾವಾ ಬರೆಯುತ್ತಿದ್ದವರು ಮೈಸೂರು, ಮಂಡ್ಯ, ಹಾಸನ ಎಂಬ ಮೂರು ಹೆಸರುಗಳ ಲಿಸ್ಟ್ ಮಾಡಲು ನಾಲ್ಕು ಸಾಲು ಬರೆಯುತ್ತಿದ್ದರು. ಮೊದಲು ಖಾಲಿ ಅರೇಲಿಸ್ಟ್, ಆಮೇಲೆ ಹೆಸರಿಗೊಂದು ಆಡ್. ಎಲ್ಲ ಜಿಲ್ಲೆಗಳೂ ಬೇಕೆಂದರೆ ಪರದೆ ತುಂಬ ಆಡ್‌ಗಳದೇ ಸಾಲು. ಅರೇಗೆ ಈ ತಾಪತ್ರಯವಿರಲಿಲ್ಲ. ಕರ್ಲಿ ಬ್ರಾಕೆಟ್ಟಿನೊಳಗೆ ಹೆಸರು ಬರೆದರೆ ಮುಗಿಯಿತು.

2004ರಲ್ಲಿ ಜಾವಾ 5 ಬಂತು. ಒಂದು ಮೆಥಡ್‌ಗೆ ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ಕೊಡುವ ಸೌಲಭ್ಯ ಅದರಲ್ಲಿತ್ತು. 1998ರಿಂದಲೇ ಇದ್ದ ಅರೇಸ್.ಆಸ್‌ಲಿಸ್ಟ್‌ಗೆ ಇನ್ನು ಹೆಸರುಗಳನ್ನು ನೇರವಾಗಿ ಕೊಡಬಹುದಿತ್ತು. ನಾಲ್ಕು ಸಾಲು ಒಂದಾಯಿತು.

ಆದರೆ ಆ ಲಿಸ್ಟ್‌ಗೆ ತುಮಕೂರು ಸೇರಿಸಹೋದವರಿಗೆ ಪೆಟ್ಟು ಬಿತ್ತು. ಕಂಪೈಲರ್ ತಕರಾರು ಎತ್ತುತ್ತಿರಲಿಲ್ಲ. ಪ್ರೋಗ್ರಾಮ್ ಓಡುವಾಗ ‘ಅನ್‌ಸಪೋರ್ಟೆಡ್ ಆಪರೇಷನ್’ ಎಂಬ ಎಕ್ಸೆಪ್ಷನ್ ಬರುತ್ತಿತ್ತು. ಹಾಸನವನ್ನು ಅಳಿಸಿ ಆ ಜಾಗದಲ್ಲಿ ತುಮಕೂರು ಬರೆದರೆ ಮಾತ್ರ ನಡೆಯುತ್ತಿತ್ತು. ಒಳಗಿರುವುದು ಅರೇ, ಅದರ ಉದ್ದ ಬದಲಾಗದು ಎಂಬುದು ಹೊರನೋಟಕ್ಕೆ ತಿಳಿಯುತ್ತಿರಲಿಲ್ಲ.

ಇನ್ನು ಕೆಲವರು ಹಿಡಿದದ್ದು ಎರಡು ಕರ್ಲಿ ಬ್ರಾಕೆಟ್ಟಿನ ದಾರಿ. ನ್ಯೂ ಅರೇಲಿಸ್ಟ್ ಎಂದು ಬರೆದು, ಜೋಡಿ ಬ್ರಾಕೆಟ್ಟಿನೊಳಗೆ ಆಡ್‌ಗಳನ್ನು ಹಾಕುವುದು. ನೋಡಲು ಚೆಂದ. ಅಸಲಿಗೆ ಅಲ್ಲಿ ಹುಟ್ಟುತ್ತಿದ್ದದ್ದು ಅರೇಲಿಸ್ಟ್‌ನ ಹೆಸರಿಲ್ಲದ ಹೊಸ ಸಬ್‌ಕ್ಲಾಸ್. ಹೀಗೆ ಬರೆದ ಪ್ರತಿ ಜಾಗಕ್ಕೂ ಒಂದು ಕ್ಲಾಸ್ ಫೈಲ್. ಸ್ಟ್ಯಾಟಿಕ್ ಅಲ್ಲದ ಮೆಥಡ್‌ನಲ್ಲಿ ಬರೆದರಂತೂ ಆ ಲಿಸ್ಟ್ ತನ್ನನ್ನು ಸೃಷ್ಟಿಸಿದ ಆಬ್ಜೆಕ್ಟನ್ನೂ ಹಿಡಿದುಕೊಳ್ಳುತ್ತಿತ್ತು. ಲಿಸ್ಟ್ ಕ್ಯಾಶ್‌ನಲ್ಲಿ ಉಳಿದರೆ ಆ ದೊಡ್ಡ ಆಬ್ಜೆಕ್ಟೂ ಮೆಮೊರಿಯಲ್ಲೇ ಉಳಿಯುತ್ತಿತ್ತು. ಮೂರು ಹೆಸರಿಗೆ ಇದು ದುಬಾರಿ ಬೆಲೆ.

ಸಿ ಶಾರ್ಪ್ 2007ರಲ್ಲೇ ಲಿಸ್ಟನ್ನು ಹುಟ್ಟಿಸುವಾಗಲೇ ತುಂಬುವ ಬರವಣಿಗೆ ಕೊಟ್ಟಿತ್ತು. ಜಾವಾದಲ್ಲಿ, ಭಾಷೆಗೆ ಸಣ್ಣ ಬದಲಾವಣೆಗಳನ್ನು ತರಲೆಂದಿದ್ದ ಪ್ರಾಜೆಕ್ಟ್ ಕಾಯಿನ್ ಎದುರು ಇಂಥದೇ ಪ್ರಸ್ತಾಪ ಬಂದರೂ 2011ರ ಜಾವಾ 7ರಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಕೊನೆಗೆ 2017ರ ಸೆಪ್ಟೆಂಬರ್‌ನಲ್ಲಿ, ಜಾವಾ 9ರ ಜೊತೆ, ಲಿಸ್ಟ್.ಆಫ್ ಬಂತು. ಭಾಷೆಗೆ ಹೊಸ ವ್ಯಾಕರಣ ಸೇರಿಸದೆ ಬರೀ ಮೆಥಡ್‌ಗಳಲ್ಲೇ ಕೆಲಸ ಮುಗಿಸಿದ್ದು ಜಾಣತನ. ಹತ್ತು ಎಲಿಮೆಂಟ್‌ಗಳವರೆಗೆ ಬೇರೆ ಬೇರೆ ಮೆಥಡ್‌ಗಳನ್ನೇ ಬರೆದಿಟ್ಟಿದ್ದಾರೆ, ಕರೆದಾಗಲೆಲ್ಲ ಒಂದು ಅರೇ ಹುಟ್ಟುವುದು ತಪ್ಪಲಿ ಎಂದು. ಈ ಲಿಸ್ಟ್‌ಗೆ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಬದಲಿಸುವಂತಿಲ್ಲ; ನಲ್ ಕೊಟ್ಟರೆ ಒಪ್ಪದು. ಈ ಕಟ್ಟುನಿಟ್ಟು ಒಳ್ಳೆಯದೇ, ಆಸ್‌ಲಿಸ್ಟ್‌ನ ಅರೆಬರೆ ನಡವಳಿಕೆ ಇದರಲ್ಲಿಲ್ಲ.

ಹಳೆಯ ಕೋಡ್‌ನಲ್ಲಿ ಜೋಡಿ ಬ್ರಾಕೆಟ್ ಕಂಡರೆ ಲಿಸ್ಟ್.ಆಫ್ ಹಾಕಿ. ಅದಕ್ಕೂ ಮೊದಲು, ಮುಂದೆ ಎಲ್ಲಾದರೂ ಆ ಲಿಸ್ಟ್ ಬದಲಾಗುತ್ತದೆಯೇ ನೋಡಿಕೊಳ್ಳಿ. ಬದಲಾಗುವುದಾದರೆ ಲಿಸ್ಟ್.ಆಫ್ ಕೊಟ್ಟದ್ದನ್ನು ಹೊಸ ಅರೇಲಿಸ್ಟ್‌ನೊಳಗೆ ಹಾಕಿ ಬಳಸಿ.