ಅವ್ವನ ಚಾಳೀಸು, ತಮ್ಮನ ಕನ್ನಡಕ

ಆನ್‌ಲೈನ್‌ನಲ್ಲಿ ಕನ್ನಡಕ ತರಿಸಬಹುದಾ ಅಂತ ಈಗ ಊರಿನಲ್ಲಿ ಬಹಳ ಜನ ಕೇಳುತ್ತಾರೆ. ನಮ್ಮ ಮನೆಯಲ್ಲೂ ಒಂದು ತಿಂಗಳು ಇದೇ ಮಾತು. ಬೇಕಾಗಿದ್ದದ್ದು ಎರಡು: ಕಾಲೇಜಿಗೆ ಹೋಗುವ ತಮ್ಮನಿಗೆ ಒಂದು, ಅಂಗನವಾಡಿ ಟೀಚರ್ ಆಗಿರುವ ಅವ್ವನಿಗೆ ಒಂದು. ನಾವಿಬ್ಬರು ಅಕ್ಕ-ತಂಗಿ ಫೋನ್ ಹಿಡಿದು ಲೆಕ್ಕ ಹಾಕಲು ಕೂತೆವು.

ಅವ್ವನಿಗೆ ಈಗ 48. ನಮ್ಮ ಕಡೆ ಕನ್ನಡಕಕ್ಕೇ ಚಾಳೀಸು ಅನ್ನುತ್ತಾರೆ, ಅಂದರೆ ನಲವತ್ತು. ನಲವತ್ತರ ಆಚೆ ಈಚೆ ಕಣ್ಣಿನೊಳಗಿನ ಮಸೂರ ಬಿರುಸಾಗಿ ಹತ್ತಿರದ್ದು ಮಸುಕಾಗುತ್ತದೆ ಅನ್ನುವುದು ಆ ಹೆಸರಿನಲ್ಲೇ ಇದೆ. ಅವ್ವ ಮೊದಲು ಫೋನನ್ನು ದೂರ ಹಿಡಿದು ಓದುತ್ತಿದ್ದಳು, ಈಗ ಕೈಯೇ ಸಾಲುತ್ತಿಲ್ಲ. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ತೂಕ, ಎತ್ತರ ತುಂಬಬೇಕು. 6 ಯಾವುದು 8 ಯಾವುದು ಅಂತ ಸಹಾಯಕಿಯನ್ನು ಕರೆದು ಓದಿಸುತ್ತಾಳೆ. ಒಂದು ಅಂಕಿ ಆಚೀಚೆಯಾದರೆ ಸೊರಗಿದ ಮಗುವೂ ಚೆನ್ನಾಗಿದೆ ಅಂತ ದಾಖಲಾಗಿಬಿಡುತ್ತದೆ. ಹಾಗಾಗಿ ಬರೀ ಅಗ್ಗ-ತುಟ್ಟಿ ನೋಡಿ ತೀರ್ಮಾನ ಮಾಡುವಂತಿರಲಿಲ್ಲ.

ಇಬ್ಬರನ್ನೂ ಮೊದಲು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಣ್ಣು ನೋಡುವವರು ಅವ್ವನನ್ನು ಕೇಳಿದ ಮೊದಲ ಮಾತು, "ಶುಗರ್ ಐತೇನು?" ಸಕ್ಕರೆ ಏರಿಳಿತವಾದಾಗ ಕಣ್ಣಿನ ನಂಬರೂ ಬದಲಾಗುತ್ತದಂತೆ; ಅದು ಹತೋಟಿಗೆ ಬರುವ ಮುಂಚೆ ಮಾಡಿಸಿದ ಕನ್ನಡಕ ಆಮೇಲೆ ಹೊಂದುವುದಿಲ್ಲ. ಪೊರೆ ಇದೆಯಾ ಅಂತಲೂ ನೋಡಿದರು. ಫೋನಿನಲ್ಲೇ ಅಕ್ಷರ ತೋರಿಸಿ ಕಣ್ಣು ಪರೀಕ್ಷೆ ಮಾಡುತ್ತೇವೆ ಅನ್ನುವ ಜಾಹೀರಾತುಗಳಿವೆಯಲ್ಲ, ಅವು ಇದನ್ನೆಲ್ಲ ನೋಡಲಾರವು.

ಚೀಟಿ ಕೈಗೆ ಬಂತು. ಓಡಿ ಅಂದರೆ ಬಲಗಣ್ಣು, ಓಎಸ್ ಅಂದರೆ ಎಡಗಣ್ಣು. ತಮ್ಮನದು ಸರಳ: ಬಲಕ್ಕೆ ಮೈನಸ್ 2.25, ಎಡಕ್ಕೆ ಮೈನಸ್ 2.50. ಅವ್ವನದರಲ್ಲಿ ದೂರದ ನಂಬರು, ಸಿಲಿಂಡರ್, ಅದು ಯಾವ ಕೋನದಲ್ಲಿ ಕೂರಬೇಕು ಅನ್ನುವ ಆಕ್ಸಿಸ್, ಇವುಗಳ ಜೊತೆ ಓದುವುದಕ್ಕೆ ಆ್ಯಡ್ ಪ್ಲಸ್ 1.75. ಫೋನಿನಲ್ಲಿ ತುಂಬುವಾಗ ಪ್ಲಸ್ ಇದ್ದಲ್ಲಿ ಮೈನಸ್ ಒತ್ತಿದರೆ ಕನ್ನಡಕ ಪೂರ್ತಿ ಉಲ್ಟಾ ಆಗಿ ಬರುತ್ತದೆ.

ತಮ್ಮನ ಕನ್ನಡಕಕ್ಕೆ ಪೇಟೆಯ ಅಂಗಡಿಯಲ್ಲಿ 1,400 ರೂಪಾಯಿ, ಆನ್‌ಲೈನ್‌ನಲ್ಲಿ 900. ಅವ್ವನದಕ್ಕೆ ಅಂತರ ಇನ್ನೂ ದೊಡ್ಡದಿತ್ತು. ಅಪ್ಪ ಮಾತ್ರ ಒಂದೇ ಹಟ: "ಅಂಗಡಿಯಾಂವ ಮಾರಿ ನೋಡಿ ಕೊಡ್ತಾನ. ಫೋನು ಏನ್ ನೋಡ್ತೈತಿ?" ನಾವು ನಕ್ಕೆವು. ಆದರೆ ಓದುತ್ತಾ ಹೋದಂತೆ ಅಪ್ಪ ಹೇಳಿದ್ದೇ ವಿಷಯದ ತಿರುಳು ಅನ್ನಿಸಿತು. ಚೀಟಿಯಲ್ಲಿ ಇರುವುದು ಕಣ್ಣಿನ ಅಳತೆ. ಮುಖದ ಅಳತೆ ಅದರಲ್ಲಿಲ್ಲ.

ಪಿಡಿ ಅಂತ ಒಂದಿದೆ. ಎರಡು ಕಣ್ಣಿನ ಕಪ್ಪು ಗುಂಡಿಗಳ ನಡುವಿನ ದೂರ. ದೊಡ್ಡವರಲ್ಲಿ ಹೆಚ್ಚಾಗಿ 54ರಿಂದ 74 ಮಿಲಿಮೀಟರ್ ಒಳಗೆ ಇರುತ್ತದೆ. ಮಸೂರದ ನಡುಬಿಂದು ಕಣ್ಣಿನ ನೇರಕ್ಕೇ ಬರಬೇಕು. ಪಕ್ಕಕ್ಕೆ ಸರಿದರೆ ತಲೆನೋವು, ಕಣ್ಣು ಎಳೆದಂತಾಗುವುದು. ನಂಬರು ಹೆಚ್ಚಿದ್ದಷ್ಟೂ ತೊಂದರೆ ಜಾಸ್ತಿ. ಈ ಅಳತೆ ನಮ್ಮ ಚೀಟಿಯಲ್ಲಿ ಇರಲಿಲ್ಲ. ಒಂದು ಅಂಗಡಿಯಲ್ಲಿ ಕೇಳಿದರೆ, "ಅದು ನಮಗ ಬೇಕಾಗಿದ್ದು, ನಿಮಗ್ಯಾಕ್ರಿ?" ಅಂದರು. ಅವರ ಸಂಕಟವೂ ಅರ್ಥವಾಗುತ್ತದೆ ಬಿಡಿ, ಅಳತೆ ಕೊಟ್ಟರೆ ಗಿರಾಕಿ ಹೋದಂತೆ.

ಮನೆಯಲ್ಲೇ ಅಳೆದೆವು. ತಮ್ಮನನ್ನು ಬೆಳಕಿಗೆ ಕೂರಿಸಿ, ಒಂದು ಮೊಳ ದೂರದಲ್ಲಿ ಎದುರಿಗೆ ಕೂತು, ಶಾಲೆಯ ಸ್ಕೇಲನ್ನು ಹುಬ್ಬಿನ ಮೇಲೆ ಇಟ್ಟು, ನಮ್ಮ ಒಂದೊಂದೇ ಕಣ್ಣು ಮುಚ್ಚಿ ನೋಡಿದೆವು. ಮೂರು ಸಲಕ್ಕೆ 61, 63, 62. ಆ್ಯಪ್‌ನಲ್ಲೂ ಅಳೆಯಬಹುದು, ಎಟಿಎಂ ಕಾರ್ಡನ್ನು ಹಣೆಗೆ ಹಿಡಿದು ಫೋಟೋ ತೆಗೆಯಬೇಕು. ಎಲ್ಲ ಬ್ಯಾಂಕಿನ ಕಾರ್ಡಿನ ಉದ್ದವೂ 85.6 ಮಿಲಿಮೀಟರೇ, ಅದಕ್ಕೆ. ಹಾಗೆ ಹಿಡಿಯುವಾಗ ನಂಬರು ಇರುವ ಮಗ್ಗುಲು ಫೋಟೋದಲ್ಲಿ ಬರದಂತೆ ನೋಡಿಕೊಳ್ಳಿ. ಅಲ್ಲೂ 62 ಬಂತು. ತಮ್ಮನದನ್ನು ಆನ್‌ಲೈನ್‌ನಲ್ಲೇ ತರಿಸಿದೆವು. ಹಳೆಯ ಕನ್ನಡಕದ ಕಡ್ಡಿಯ ಒಳಮೈಯಲ್ಲಿ ಫ್ರೇಮಿನ ಅಳತೆ ಅಚ್ಚಾಗಿತ್ತು, ಅದೇ ಅಳತೆಯದನ್ನು ಆರಿಸಿದೆವು. ಎಂಟು ದಿನಕ್ಕೆ ಬಂತು, ಚೆನ್ನಾಗಿದೆ.

ಅವ್ವನ ಮುಖ ಮಾತ್ರ ಸ್ಕೇಲಿಗೆ ಸಿಗಲಿಲ್ಲ. ಅವಳಿಗೆ ಬೇಕಿರುವುದು ಎರಡು ನೋಟದ ಬೈಫೋಕಲ್. ಆರಿಸಿದ ಫ್ರೇಮನ್ನು ಹಾಕಿಸಿ, ಕೆಳರೆಪ್ಪೆ ಎಲ್ಲಿಗೆ ಬರುತ್ತದೆ ನೋಡಿ, ಪೆನ್ನಿನಿಂದ ಗುರುತು ಮಾಡಬೇಕು. ಓದುವ ತುಂಡು ಅಲ್ಲಿಂದ ಶುರು. ಗೆರೆಯಿಲ್ಲದ ಪ್ರೋಗ್ರೆಸಿವ್ ಆದರೆ ಗುಂಡಿಯ ನಡುವಿಗೇ ಗುರುತು. ಎರಡು ಮಿಲಿಮೀಟರ್ ಮೇಲಾದರೆ ನಡೆಯುವಾಗಲೂ ಓದುವ ತುಂಡೇ ಅಡ್ಡ ಬಂದು ನೆಲ ಮಸುಕು. ಅವ್ವನ ಅಂಗನವಾಡಿಗೆ ಮೂರು ಮೆಟ್ಟಿಲು, ಕಂಕುಳಲ್ಲಿ ಸದಾ ಒಂದು ಮಗು. ಇಷ್ಟು ಸಾಕಾಯಿತು ನಮಗೆ.

ಕಡ್ಡಿ ಬಗ್ಗಿದರೆ, ಸ್ಕ್ರೂ ಬಿದ್ದರೆ ಅಂಗಡಿಯವರು ನಿಂತ ಮೆಟ್ಟಿಗೆ ಸರಿ ಮಾಡಿಕೊಡುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬಂತು. ಶಕ್ತಿ ಯೋಜನೆಯಿಂದ ಅವ್ವನಿಗೆ ಬಸ್ಸಿನ ಖರ್ಚಿಲ್ಲ, ಎರಡು ಸಲ ಹೋದರೂ ಹೊರೆಯಲ್ಲ. (ಜೊತೆಗೆ ಹೋಗುವ ಅಪ್ಪನಿಗೆ ಟಿಕೆಟ್ ಇದೆ.) ಕೊಳ್ಳುವ ಶಕ್ತಿಯೇ ಇಲ್ಲದ ಮನೆಯವರು ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರದ ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಬಂದು ಕಣ್ಣು ನೋಡಿ ಉಚಿತ ಕನ್ನಡಕ ಕೊಟ್ಟ ಜಿಲ್ಲೆಗಳಿವೆ.

ಆನ್‌ಲೈನ್‌ನಲ್ಲೇ ತರಿಸುವವರು ದುಡ್ಡು ಹಾಕುವ ಮುಂಚೆ ವಾಪಸ್ ಷರತ್ತು ಓದಿ, ನಂಬರು ತುಂಬಿದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915.

ಬರುವ ಶನಿವಾರ ಅವ್ವನನ್ನು ಪೇಟೆಗೆ ಕರೆದೊಯ್ಯುತ್ತೇವೆ. ಫ್ರೇಮಿನ ಬಣ್ಣ ಇನ್ನೂ ಇತ್ಯರ್ಥವಾಗಿಲ್ಲ. ಅಪ್ಪ ಕಪ್ಪು ಅನ್ನುತ್ತಾರೆ, ಅವ್ವ ಆ ಮಾತು ಕಿವಿಗೇ ಹಾಕಿಕೊಳ್ಳುತ್ತಿಲ್ಲ.