ನೆರಳಿನ ತಲೆಗೆ ಬೆಳಕಿನ ಬಳೆ

ನಮ್ಮೂರು ಬನಹಟ್ಟಿ. ಮನೆ ತುಂಬ ಮಗ್ಗದ ಸದ್ದು. ಚಳಿಗಾಲ ಬಂತೆಂದರೆ ನಾನೂ ಅಕ್ಕನೂ ಜಮಖಂಡಿ ಹತ್ತಿರದ ಅಜ್ಜನ ಹೊಲಕ್ಕೆ ಓಡುತ್ತಿದ್ದೆವು. ಒಂದು ಬೆಳಿಗ್ಗೆ ಬದುವಿನ ಮೇಲೆ ನಡೆಯುತ್ತಿದ್ದೆವು. ಬೆನ್ನಿಗೆ ಎಳೆಬಿಸಿಲು, ಮುಂದೆ ಇಬ್ಬನಿ ಹೊತ್ತ ಗೋಧಿಯ ಪೈರು. ಅದರ ಮೇಲೆ ಉದ್ದಕ್ಕೆ ಬಿದ್ದ ನನ್ನ ನೆರಳಿನ ತಲೆಯ ಸುತ್ತ ಬೆಳ್ಳನೆಯ ಬೆಳಕು! ದೇವರ ಪಟದಲ್ಲಿರುತ್ತದಲ್ಲ, ಹಾಗೆ. ಅಕ್ಕನ ನೆರಳಿಗೆ ಅದಿರಲಿಲ್ಲ. ಅಜ್ಜನ ಮುಧೋಳ ನಾಯಿಯ ನೆರಳಿಗಂತೂ ಇರಲೇ ಇಲ್ಲ.

“ನಾ ದೇವರು ಅದೇನಿ, ನೋಡು” ಎಂದೆ.

“ಸುಳ್ಳ ಹೇಳಬ್ಯಾಡ. ಬೆಳಕು ಇರೂದು ನನ್ನ ತಲಿಗೆ!”

ಜಗಳ ಜೋರಾಯಿತು. ನಾನು ಅವಳ ನೆರಳಿನ ತಲೆ ತುಳಿದೆ. ಅವಳು ನನ್ನನ್ನು ಕಾಲುವೆಗೆ ನೂಕಿದಳು. ಅಂದಿನಿಂದ ಅವಳ ಬಾಯಲ್ಲಿ ನನ್ನ ಹೆಸರೇ ‘ಸುಳ್ಳಪ್ಪ’.

ಮೂವತ್ತು ವರ್ಷಗಳ ಮೇಲೆ ಇಬ್ಬರೂ ಮಕ್ಕಳೊಂದಿಗೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಹತ್ತಿದೆವು. ಸುಮಾರು 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರ ಅದು. ಬೆನ್ನ ಹಿಂದೆ ಸೂರ್ಯ ಮೇಲೇರುತ್ತಿದ್ದ. ಪಶ್ಚಿಮದ ಕಣಿವೆಯಲ್ಲಿ ಹಾಲು ಉಕ್ಕಿದಂತೆ ಮಂಜು. ಆ ಮಂಜಿನ ಮೇಲೆ ನಮ್ಮ ನೆರಳುಗಳು ರಾಕ್ಷಸರ ಹಾಗೆ ನಿಂತಿದ್ದವು. ನನ್ನ ನೆರಳಿನ ತಲೆಗೆ ಈ ಸಲ ಬಣ್ಣದ ಬಳೆ! ಹೊರಗೆ ಕೆಂಪು, ಒಳಗೆ ನೀಲಿ.

ಇಂಥ ದೈತ್ಯ ನೆರಳಿಗೆ ‘ಬ್ರಾಕೆನ್ ಭೂತ’ ಎನ್ನುತ್ತಾರೆ. ಜರ್ಮನಿಯ ಬ್ರಾಕೆನ್ ಬೆಟ್ಟದಲ್ಲಿ ಕಂಡದ್ದನ್ನು 1780ರಲ್ಲಿ ಯೋಹಾನ್ ಸಿಲ್ಬರ್‌ಶ್ಲಾಗ್ ಎಂಬವರು ವರ್ಣಿಸಿದ್ದರಿಂದ ಆ ಹೆಸರು. ಬಣ್ಣದ ಬಳೆಗೆ ‘ಗ್ಲೋರಿ’ ಎನ್ನುತ್ತಾರೆ. ಮಂಜಿನ ಸಣ್ಣ ಹನಿಗಳು ಬಿಸಿಲನ್ನು ಬಂದ ದಾರಿಗೇ ಹಿಂದಿರುಗಿಸುವಾಗ ಬಣ್ಣಗಳು ಬೇರೆಯಾಗುತ್ತವೆ. ಹಿಂದಿರುಗುವ ಆ ಬೆಳಕು ನೋಡುವವರ ಕಣ್ಣಿಗೇ ಬರುವುದರಿಂದ ಬಳೆ ಕಾಣುವುದು ಅವರವರ ತಲೆಗೆ ಮಾತ್ರ! ಹೊಲದ ಇಬ್ಬನಿಯ ಹನಿ ದೊಡ್ಡದು. ಅದು ಭೂತಗನ್ನಡಿಯಂತೆ ಬಿಸಿಲನ್ನು ಎಲೆಯ ಮೇಲೆ ಕೂಡಿಸಿ ತಿರುಗಿ ಕಳಿಸುತ್ತದೆ. ಅಲ್ಲಿ ಬಣ್ಣವಿಲ್ಲ, ಬರೀ ಬಿಳಿ.

1894ರಲ್ಲಿ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ಮೇಲೆ ಸಿ.ಟಿ.ಆರ್. ವಿಲ್ಸನ್ ಇಂಥದೇ ಬಳೆ ನೋಡಿ ಮರುಳಾದರು. ಅದನ್ನು ಪ್ರಯೋಗಾಲಯದಲ್ಲಿ ತೋರಿಸಬೇಕೆಂದು ಗಾಜಿನ ಪಾತ್ರೆಯಲ್ಲಿ ಮೋಡ ಮಾಡಲು ಕುಳಿತರು. ಆ ಮೋಡವೇ ಮುಂದೆ ಕಣ್ಣಿಗೆ ಕಾಣದ ಕಣಗಳು ಓಡಿದ ಜಾಡನ್ನು ತೋರಿಸುವ ಉಪಕರಣವಾಯಿತು. 1927ರಲ್ಲಿ ಅವರಿಗೆ ನೊಬೆಲ್ ಬಂತು. ನಾನೋ, ಕಾಲುವೆಗೆ ಬಿದ್ದು ಸುಮ್ಮನಾಗಿದ್ದೆ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ನಂಬಲಿಲ್ಲ. “ಫೋಟೊ ತಗಿ” ಎಂದಳು. ಪಕ್ಕಪಕ್ಕ ನಿಂತು ಇಬ್ಬರೂ ತಂತಮ್ಮ ಫೋನಿನಲ್ಲಿ ಅದೇ ಎರಡು ನೆರಳುಗಳನ್ನು ಹಿಡಿದೆವು. ನನ್ನ ಫೋಟೊದಲ್ಲಿ ಬಳೆ ನನ್ನ ತಲೆಗೆ, ಅವಳದರಲ್ಲಿ ಅವಳ ತಲೆಗೆ.

ಅಕ್ಕ ಎರಡೂ ಫೋನುಗಳನ್ನು ಹಿಡಿದು ಬಹಳ ಹೊತ್ತು ನೋಡಿದಳು. “ಅವತ್ತು ನೀರು ಭಾಳ ತಣ್ಣಗಿತ್ತೇನೋ?” ಎಂದಳು.