ಜೀರೋ ಬಲ್ಬಿನ ಪೆಟ್ಟಿಗೆ

ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿ ಸೀಮೆಯಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಬರುತ್ತದೆ. ಗಾಜಿನ ಲೆನ್ಸಿಗೂ ಬರುತ್ತದೆಂದು ನನಗೆ ಗೊತ್ತಾದದ್ದು ಎಂಬತ್ತರ ದಶಕದಲ್ಲಿ, ಡಿಗ್ರಿ ಮುಗಿಸಿ ಬೇರೆ ಕೆಲಸ ಸಿಗದೆ ರಾಯರ ಸ್ಟುಡಿಯೋ ಸೇರಿಕೊಂಡಾಗ. ಕತ್ತಲೆ ಕೋಣೆಯ ಪಕ್ಕ ಹಲಸಿನ ಹಲಗೆಯ ಪೆಟ್ಟಿಗೆಯೊಂದಿತ್ತು. ತಳದಲ್ಲಿ ಹಗಲೂ ರಾತ್ರಿ ಉರಿಯುವ ಜೀರೋ ಬಲ್ಬು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಕ್ಯಾಮೆರಾಗಳು. ಬಲ್ಬಿನ ಬಿಸಿಗೆ ಒಳಗಿನ ಗಾಳಿ ಒಣಗಿರುತ್ತದೆ, ಅಷ್ಟೇ ತಂತ್ರ. ಆಗುಂಬೆ ಕಡೆ ಮರ ಬಿದ್ದು ಕರೆಂಟು ಹೋದರೆ ರಾಯರು ಅಕ್ಕಿ ಹುರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಪೆಟ್ಟಿಗೆಯೊಳಗೆ ಇಡಿಸುತ್ತಿದ್ದರು. ಕ್ಯಾಮೆರಾದ ಜೊತೆ ಬಂದ ಚಂದದ ಚರ್ಮದ ಚೀಲಗಳೆಲ್ಲ ಅಟ್ಟ ಸೇರಿದ್ದವು. ಚರ್ಮ ತೇವ ಹೀರುತ್ತದೆ. ಬೂಷ್ಟು ಹುಟ್ಟುವುದೇ ಅಲ್ಲಿ.

ಲೆನ್ಸಿನ ಬೂಷ್ಟನ್ನು ಟಾರ್ಚು ಹಾಕಿ ಓರೆಯಾಗಿ ನೋಡಬೇಕು. ಮೊದಮೊದಲು ಜೇಡನ ನೂಲಿನಂಥ ಎಳೆಗಳು. ಆಗಲೇ ಕಂಡರೆ ಒರೆಸಿ ತೆಗೆಯಬಹುದು. ತಡವಾದರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದಿರುತ್ತದೆ. ಬೂಷ್ಟು ಹೋದರೂ ಕಲೆ ಹೋಗದು. ಅಂಥ ಲೆನ್ಸಿನಲ್ಲಿ ಬೆಳಕಿಗೆ ಎದುರಾಗಿ ತೆಗೆದ ಚಿತ್ರಕ್ಕೆ ಮಂಜು ಕವಿದಿರುತ್ತದೆ.

ರಾಯರ ಮುಖ್ಯ ಆಯುಧ ಯಾಶಿಕಾ-ಮ್ಯಾಟ್ 124ಜಿ. ಎರಡು ಲೆನ್ಸು, ಮೇಲಿನದು ನೋಡಲು, ಕೆಳಗಿನದು ತೆಗೆಯಲು. ಎದೆಯ ಮಟ್ಟಕ್ಕೆ ಹಿಡಿದು ತಲೆಬಾಗಿ ನೋಡಬೇಕು. ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುವುದರಿಂದ, ಮದುಮಗಳು ಎಡಕ್ಕೆ ಸರಿದರೆ ಹೊಸಬರು ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿ ಬಿಡುತ್ತಿದ್ದರು. ಒಂದು 120 ರೋಲಿಗೆ ಹನ್ನೆರಡೇ ಚಿತ್ರ. ಹಾಗಾಗಿ ಧಾರೆಯ ಹೊತ್ತಿಗೆ ರೋಲು ಮುಗಿಯದಂತೆ, ಊರ ಗಣ್ಯರು ಸಾಲಾಗಿ ನಿಂತಾಗ ಒಮ್ಮೊಮ್ಮೆ ಫ್ಲ್ಯಾಶ್ ಮಾತ್ರ ಹೊಡೆದು ನಗುತ್ತಿದ್ದರು. ಗಣ್ಯರಿಗೂ ತೃಪ್ತಿ, ಫಿಲ್ಮಿಗೂ ಉಳಿತಾಯ!

ಯಾಶಿಕಾದ ಬೆಳಕಿನ ಮೀಟರಿಗೆ ಪಾದರಸದ 1.35 ವೋಲ್ಟಿನ ಬ್ಯಾಟರಿ ಬೇಕಿತ್ತು. ನಮ್ಮೂರಲ್ಲಿ ಅದು ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ರಾಯರು ಹಾಕುತ್ತಿರಲಿಲ್ಲ ಎನ್ನಿ. ಶಟರಿಗೆ ಬ್ಯಾಟರಿಯ ಹಂಗಿಲ್ಲ. ಪೂರ್ವ ಜರ್ಮನಿಯ ಓರ್ವೋ ಎನ್‌ಪಿ-22 ಫಿಲ್ಮಿಗೆ 125 ಎಎಸ್‌ಎ. ಬಯಲಿನ ಚುರುಕು ಬಿಸಿಲಿಗೆ ವೇಗ 125, ಅಪರ್ಚರ್ 16. ಅಡಿಕೆ ತೋಟದೊಳಗೆ ಕಾಲಿಟ್ಟರೆ ನಾಲ್ಕು ಸ್ಟಾಪ್ ತೆರೆ, ಅಂದರೆ ಅಪರ್ಚರ್ 4. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಫಿಲ್ಮ್ ಹಾಕಿದಾಗಲೂ ಲೆಕ್ಕವೆಲ್ಲ ಕಣ್ಣಿನಲ್ಲೇ.

ನೆಗೆಟಿವ್ ಒಣಗಿದ ಮೇಲೆ ಅದು ಅಮ್ಮನ ಪಾಲು. ರಾಯರ ಹೆಂಡತಿಯನ್ನು ನಾವೆಲ್ಲ ಅಮ್ಮ ಅಂತಲೇ ಕರೆಯುತ್ತಿದ್ದೆವು. ಅವರು ಕಿಟಕಿಯ ಬಳಿ ಓರೆಗಾಜಿನ ಮೇಜಿಗೆ ಕೂತು, ಸೂಜಿಯ ಹಾಗೆ ಹೆರೆದ ಪೆನ್ಸಿಲ್ಲಿನಿಂದ ಟಚಿಂಗ್ ಮಾಡುತ್ತಿದ್ದರು. ನೆಗೆಟಿವ್‌ನಲ್ಲಿ ಮೊಡವೆಯ ಕಲೆ ಇದ್ದಲ್ಲಿ ಸೀಸದ ಪುಟ್ಟ ಗೆರೆಗಳನ್ನು ತುಂಬಿದರೆ, ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗುತ್ತದೆ. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಕಳಿಸುವ ಫೋಟೋ ಎಂದರೆ ವಿಪರೀತ ಬೇಡಿಕೆ. “ಇನ್ನೂ ಸ್ವಲ್ಪ ಬೆಳ್ಳಗೆ ಮಾಡಿ ಅಮ್ಮಾ” ಎಂದರೆ ಅವರು ಪೆನ್ಸಿಲ್ ಕೆಳಗಿಟ್ಟು, “ನೋಡಕ್ಕೆ ಬರೋ ಗಂಡಿಗೆ ಬೇರೆ ಹುಡುಗಿ ತೋರಿಸ್ತೀರಾ ಮಾರಾಯ್ರೆ?” ಎನ್ನುತ್ತಿದ್ದರು. ಎಷ್ಟು ಸಾಕು ಎಂದು ತಿಳಿಯುವ ಆ ಕೈ ರಾಯರ ಫೋಟೋಗ್ರಫಿಗಿಂತ ದೊಡ್ಡದೆಂದು ನನಗೆ ಅಂದೂ ಅನ್ನಿಸಿತ್ತು. ಸ್ಟುಡಿಯೋದ ಬೋರ್ಡಿನಲ್ಲಿ ಮಾತ್ರ ಅವರ ಹೆಸರಿರಲಿಲ್ಲ.

ಡಿಜಿಟಲ್ ಬಂದು ಸ್ಟುಡಿಯೋಗಳು ಮುಳುಗಿದವು ಎನ್ನುತ್ತಾರೆ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಮ್ಮ ಕತ್ತಲೆ ಕೋಣೆಗೆ ಬೀಗ ಹಾಕಿಸಿದ್ದು ಕಲರ್. ಕಪ್ಪು-ಬಿಳುಪಿನ ಡೆವಲಪರಿಗೆ 20 ಡಿಗ್ರಿ ಆಸುಪಾಸು ಇದ್ದರಾಯಿತು. ಬೇಸಿಗೆಯಲ್ಲಿ ಸೋಡಾ ಅಂಗಡಿಯ ಐಸಿನಲ್ಲಿ ಡಬ್ಬಿ ಇಟ್ಟು ಸುಧಾರಿಸಬಹುದಿತ್ತು. ಕಲರ್ ಫಿಲ್ಮಿಗೆ 37.8 ಡಿಗ್ರಿ, ಅರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ಹದಗೆಡುತ್ತದೆ. ಅದಕ್ಕೆ ಯಂತ್ರವೇ ಬೇಕು. ರೋಲುಗಳು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಶಿವಮೊಗ್ಗದ ಲ್ಯಾಬಿಗೆ ಹೋಗತೊಡಗಿದವು. ಹಳೆಯ ಹೈಪೋದಿಂದ ಬೆಳ್ಳಿ ತೆಗೆಯಲು ಕ್ಯಾನು ಹಿಡಿದು ಬರುತ್ತಿದ್ದವನು ಬರುವುದನ್ನು ಬಿಟ್ಟ. ಕಲರ್ ನೆಗೆಟಿವ್‌ಗೆ ಅಮ್ಮನ ಪೆನ್ಸಿಲ್ ನಡೆಯಲಿಲ್ಲ. ಡಿಜಿಟಲ್ ಬರುವ ಹೊತ್ತಿಗೆ ಸ್ಟುಡಿಯೋದಲ್ಲಿ ಉಳಿದದ್ದು ಕ್ಯಾಮೆರಾ ಮತ್ತು ಕುರ್ಚಿ.

ಆ ಕ್ಯಾಮೆರಾಗಳನ್ನು ಬದುಕಿಸಿದವರು ಪೇಟೆಯ ವಾಚು ರಿಪೇರಿ ಸಾಹೇಬರು. ತೇವಕ್ಕೆ ಎಣ್ಣೆ ಅಂಟಾಗಿ ಒಂದು ಸೆಕೆಂಡಿನ ಶಟರು ಎರಡು ಸೆಕೆಂಡು ತೆಗೆದುಕೊಂಡರೆ, ಬಿಚ್ಚಿ ವೈಟ್ ಪೆಟ್ರೋಲಿನಲ್ಲಿ ತೊಳೆದು, ಕಿವಿಗೆ ಹಿಡಿದು ಗೇರಿನ ಸದ್ದು ಕೇಳುತ್ತಿದ್ದರು. ಎಣ್ಣೆ ಬಿಡುವುದು ಸೂಜಿಮೊನೆಯಷ್ಟು, ಅದೂ ಬ್ಲೇಡುಗಳಿಗೆ ತಾಗದಂತೆ. ಮೂವತ್ತಾರು ಚಿತ್ರದ ಆಸೆಗೆ ರಾಯರು ಕೊಂಡ ಪೆಂಟಾಕ್ಸ್ ಕೆ1000ರ ಹಿಂಬಾಗಿಲಿನ ಸ್ಪಂಜು ಕರಗಿ ಟಾರಿನಂತಾದಾಗ, ಅದನ್ನು ಕೆರೆದು ಟೈಲರ್ ಅಂಗಡಿಯ ಕಪ್ಪು ವೆಲ್ವೆಟ್ ಚೂರು ಅಂಟಿಸಿದರು. ನನಗೆ ಹೇಳಿದ ಕಟ್ಟಪ್ಪಣೆ ಒಂದೇ: 500ರ ವೇಗ ಬೇಕಿದ್ದರೆ ಯಾಶಿಕಾದ ಕ್ರ್ಯಾಂಕ್ ತಿರುಗಿಸುವ ಮೊದಲೇ ಇಟ್ಟುಕೋ.

ಯಾಶಿಕಾ ಹೆಸರಿನ ಕ್ಯಾಮೆರಾ ಮಾಡುತ್ತಿದ್ದ ಕ್ಯೋಸೆರಾ 2005ರಲ್ಲಿ ಆ ವ್ಯವಹಾರ ಬಿಡುವುದಾಗಿ ಹೇಳಿತು. 2006ರ ಜನವರಿಯಲ್ಲಿ ನಿಕಾನ್ ಬಹುಪಾಲು ಫಿಲ್ಮ್ ಕ್ಯಾಮೆರಾಗಳನ್ನು ಕೈಬಿಟ್ಟಿತು. ನಮ್ಮೂರಿಗೆ ಅದು ಸುದ್ದಿಯೇ ಆಗಲಿಲ್ಲ. ಅಷ್ಟರಲ್ಲಿ ರಾಯರ ಮಗ ಕಂಪ್ಯೂಟರ್, ಪ್ರಿಂಟರ್ ತಂದಿದ್ದ. ಈಗ ಅಲ್ಲಿ ಜೆರಾಕ್ಸೂ ಇದೆ, ಲ್ಯಾಮಿನೇಷನ್ನೂ ಇದೆ.

ಯಾಶಿಕಾ ನನ್ನ ಬಳಿಯಿದೆ. ಪ್ರತಿ ಭಾನುವಾರ ಎಲ್ಲ ವೇಗಗಳಲ್ಲೂ ಖಾಲಿ ಶಟರ್ ಹೊಡೆಯುತ್ತೇನೆ. ಸುಮ್ಮನಿಟ್ಟರೆ ಎಣ್ಣೆ ಕೂರುತ್ತದೆ. ರೋಲು ಬೆಂಗಳೂರಿನಿಂದ ತರಿಸಬೇಕು, ಬೆಲೆ ಕೇಳಿದರೆ ರಾಯರು ಫ್ಲ್ಯಾಶ್ ಕೂಡ ಹೊಡೆಯುತ್ತಿರಲಿಲ್ಲ. ಹೋಂಸ್ಟೇಗೆ ಬರುವ ಹುಡುಗ ಹುಡುಗಿಯರ ಕುತ್ತಿಗೆಯಲ್ಲಿ ಹಳೆಯ ಕ್ಯಾಮೆರಾ ಮತ್ತೆ ಕಾಣುತ್ತಿದೆ. ಮೊನ್ನೆ ಅಂಥವನೊಬ್ಬ ಸಾಹೇಬರ ಅಂಗಡಿ ಹುಡುಕಿಕೊಂಡು ಬಂದ. ಅವರ ಮೇಜಿನಡಿಯಲ್ಲಿ ಕೆಟ್ಟ ಕ್ಯಾಮೆರಾಗಳ ಬಿಡಿಭಾಗ ತುಂಬಿದ ಬಿಸ್ಕತ್ತಿನ ಡಬ್ಬವಿದೆ. ಪೂರಾ ಡಬ್ಬಕ್ಕೆ ಒಳ್ಳೆಯ ಬೆಲೆಯನ್ನೇ ಹೇಳಿದ.

ಸಾಹೇಬರು ಮುಚ್ಚಳ ಹಾಕಿದರು. “ಕೊಡಕ್ಕಾಗಲ್ಲ ತಮ್ಮಾ. ಇದರೊಳಗೆ ಇನ್ನೂ ಎರಡು ಕ್ಯಾಮೆರಾ ಇದಾವೆ. ಜೋಡಿಸಬೇಕು.”